ಹೋದ ವರ್ಷದ ಚಾಂಪಿಯನ್ ಈ ವರ್ಷ ಕೆಳಗಿನ ದರ್ಜೆಗೆ! ಐಡಬ್ಲ್ಯುಎಲ್ 2024-25 ಬಗ್ಗೆ ಮಾತಾಡೋಣ ಬನ್ನಿ

ಬೆಂಚಿನ ಮೇಲಿನವಳು · 20 ಏಪ್ರಿಲ್ 2025

ಶುಕ್ರವಾರಕ್ಕೆ ಹೆಣ್ಣುಮಕ್ಕಳ ಫುಟ್‌ಬಾಲಿನ ಇಂಡಿಯನ್ ವಿಮೆನ್ಸ್ ಲೀಗ್ (ಐಡಬ್ಲ್ಯುಎಲ್) ಮುಗಿಯಿತು. ಜನವರಿ 10ಕ್ಕೆ ಶುರು, ಏಪ್ರಿಲ್ 18ಕ್ಕೆ ಮಂಗಳ. ಎಂಟು ತಂಡ, ಒಬ್ಬೊಬ್ಬರಿಗೆ 14 ಪಂದ್ಯ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಮೊದಲ ಸಲ ಕಪ್ ಗೆದ್ದಿದೆ. ಹೋದ ವರ್ಷ ಗೆದ್ದಿದ್ದ ಒಡಿಶಾ ಎಫ್‌ಸಿ ಕೆಳಗಿನ ದರ್ಜೆಗೆ ಬಿದ್ದಿದೆ. ಹೌದು, ಸರಿಯಾಗಿಯೇ ಓದಿದಿರಿ.

ಇಷ್ಟೆಲ್ಲಾ ಆದರೂ ನನ್ನ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಲ್ಲರೂ ಐಪಿಎಲ್‌ನಲ್ಲಿ ಮುಳುಗಿದ್ದಾರೆ. ಅದಕ್ಕೇ ಇಲ್ಲಿ ಬಂದು ಕೂತೆ.

ನಾನು ಕಾಲೇಜು ತಂಡದಲ್ಲಿ ಎರಡು ವರ್ಷ ಆಡಿದವಳು. ಆಡಿದ್ದಕ್ಕಿಂತ ಕೂತಿದ್ದೇ ಜಾಸ್ತಿ, ಹೆಸರು ನೋಡಿದರೆ ಗೊತ್ತಾಗುತ್ತೆ. ನನ್ನ ತಲೆ ತಿನ್ನುತ್ತಿರೋದು ಒಂದೇ ವಿಷಯ. ಸೀಸನ್ ಅಂತ ಕರೆಯೋದು ಮೂರು ತಿಂಗಳು ಚಿಲ್ಲರೆ ದಿನ. ಉಳಿದ ಒಂಬತ್ತು ತಿಂಗಳು ಈ ಹುಡುಗಿಯರು ಏನು ಮಾಡಬೇಕು?

ನಿಮಗೆ ಈ ಸೀಸನ್ ಹೇಗನಿಸಿತು? ಎಲ್ಲಾ ತಂಡದ ಅಭಿಮಾನಿಗಳೂ ಬರಬಹುದು. ಬೈಗುಳ ಬೇಡ.

ಗ್ಯಾಲರಿ ಗುಂಡ · 20 ಏಪ್ರಿಲ್

ಅಭಿಮಾನಿಗಳು ಅಂದ್ರಲ್ಲ, ಇಲ್ಲಿ ಒಟ್ಟು ಆರು ಜನ ಇದ್ದೇವೆ. ಹಾಜರಿ ತೆಗೆದುಕೊಳ್ಳಿ ಮೇಡಂ.

ಕೋಲ್ಕತ್ತದ ಕನ್ನಡಿಗ · 20 ಏಪ್ರಿಲ್

ನಾನು ಒಬ್ಬ, ಈಸ್ಟ್ ಬೆಂಗಾಲ್ ಕಡೆಯವ. ಹಾಜರ್!

ಊರು ಶಿವಮೊಗ್ಗ, ಕೆಲಸ ಕೋಲ್ಕತ್ತ, ಹನ್ನೊಂದು ವರ್ಷ ಆಯಿತು. ಏಪ್ರಿಲ್ 11, ಶುಕ್ರವಾರ. ಒಡಿಶಾ ವಿರುದ್ಧ ಗೆದ್ದರೆ ಇನ್ನೊಂದು ಪಂದ್ಯ ಬಾಕಿ ಇರುವಾಗಲೇ ಕಪ್ ನಮ್ಮದು. ನಾನು ಆಫೀಸಿನಲ್ಲಿ ಫೋನನ್ನು ಲ್ಯಾಪ್‌ಟಾಪ್‌ಗೆ ಒರಗಿಸಿಕೊಂಡು ಕೂತಿದ್ದೆ. ಪಕ್ಕದ ಸೀಟಿನ ದಾದಾ ನಮ್ಮ ಬದ್ಧ ಎದುರಾಳಿ ಮೋಹನ್ ಬಗಾನ್ ಕಡೆಯವರು. ಮೊದಲರ್ಧ ಗೋಲೇ ಇಲ್ಲ. "ಇನ್ನೂ ಸೊನ್ನೆನಾ?" ಅಂತ ಹತ್ತು ನಿಮಿಷಕ್ಕೊಮ್ಮೆ ಕೆಣಕುತ್ತಿದ್ದರು. 67ನೇ ನಿಮಿಷದಲ್ಲಿ ಸೌಮ್ಯಾ ಗುಗುಲೋತ್ ಹೊಡೆದಳು. ನಾನು ಎದ್ದ ರಭಸಕ್ಕೆ ಟೀ ಕೀಬೋರ್ಡಿನ ಮೇಲೆ ಹೋಯಿತು. 1-0, ಅಷ್ಟೇ. ಸಾಕು.

ಇಲ್ಲಿಯವರಿಗೆ ಇದು ಯಾಕೆ ಅಷ್ಟು ದೊಡ್ಡದು ಅಂದ್ರೆ, ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದು 21 ವರ್ಷ ಆಗಿತ್ತು. 2003-04ರಲ್ಲಿ ಗಂಡಸರ ತಂಡ ಆಗಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಗೆದ್ದಿದ್ದೇ ಕೊನೆ. ಅದರ ಜಾಗಕ್ಕೆ ಐ-ಲೀಗ್ ಬಂತು ಹೋಯಿತು, ಆಮೇಲೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂತು, ಲೀಗ್ ಕಪ್ ಮಾತ್ರ ಬರಲಿಲ್ಲ. ಕೊನೆಗೆ ತಂದವರು ಹೆಣ್ಣುಮಕ್ಕಳು. ಸಂಜೆ ಇಲಿಶ್ ಮೀನು ತರೋಕೆ ಹೋದೆ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್, ಮೋಹನ್ ಬಗಾನ್ ಗೆದ್ದರೆ ಸೀಗಡಿ, ಇಲ್ಲಿಯ ಪದ್ಧತಿ. ರೇಟ್ ಕೇಳಿ ಮೊಟ್ಟೆ ತಗೊಂಡು ವಾಪಸ್ ಬಂದೆ.

ಕಾಸರಗೋಡು ಕಾರ್ನರ್ · 20 ಏಪ್ರಿಲ್

ಅಭಿನಂದನೆ ಮಾರಾಯ್ರೆ. ಆದರೆ ಒಂದು ಮಾತು ಹೇಳಲೇಬೇಕು. ನಿಮ್ಮ ಕೋಚ್ ನಮ್ಮವರು!

ನಾನು ಕೇರಳದ ಗೋಕುಲಂ ಕಡೆಯವ. ಆಂಟನಿ ಆಂಡ್ರ್ಯೂಸ್ ನಮ್ಮ ತಂಡಕ್ಕೆ ಎರಡು ಸಲ ಕಪ್ ತಂದುಕೊಟ್ಟವರು, 2021-22 ಮತ್ತು 2022-23. ಈಗ ಅದೇ ಮನುಷ್ಯ ಕೋಲ್ಕತ್ತಕ್ಕೆ ಹೋಗಿ ನಮ್ಮನ್ನೇ ಎರಡನೇ ಸ್ಥಾನಕ್ಕೆ ತಳ್ಳಿದ್ದಾರೆ. ಸಾಕಿದ ಕೋಳಿ ಪಕ್ಕದ ಮನೆಯಲ್ಲಿ ಮೊಟ್ಟೆ ಇಟ್ಟ ಹಾಗಾಯಿತು.

ನಮ್ಮ ಫಾಝಿಲಾ ಇಕ್ವಾಪುಟ್ 24 ಗೋಲು ಹೊಡೆದರು. ಉಗಾಂಡದವರು. ಲೀಗಿನಲ್ಲಿ ಅವರೇ ಜಾಸ್ತಿ. 14 ಪಂದ್ಯಕ್ಕೆ 24 ಗೋಲು, ಲೆಕ್ಕ ಹಾಕಿ ನೋಡಿ. ಆದರೂ ಕಪ್ ಇಲ್ಲ. ಹೋದ ವರ್ಷವೂ ಎರಡನೆಯವರು, ಒಡಿಶಾಕ್ಕೆ 31 ಪಾಯಿಂಟ್, ನಮಗೆ 29. ಎರಡು ವರ್ಷ ಹೀಗೇ ಆದರೆ ಹೊಟ್ಟೆ ಉರಿಯುವುದಿಲ್ಲವಾ?

ಗ್ಯಾಲರಿ ಗುಂಡ · 20 ಏಪ್ರಿಲ್

ಅಣ್ಣ, ನೀವು ಸತತ ನಾಲ್ಕು ಸಲ ಗೆದ್ದವರು. ಸ್ವಲ್ಪ ಬೇರೆಯವರಿಗೂ ಬಿಡಿ.

ಕಾಸರಗೋಡು ಕಾರ್ನರ್ · 20 ಏಪ್ರಿಲ್

ನಾಲ್ಕಲ್ಲ, ಮೂರು. 2019-20, 2021-22, 2022-23. ನಡುವಿನ 2020-21 ಕೊರೊನಾದಿಂದ ನಡೆಯಲೇ ಇಲ್ಲ. ನಡೆದಿದ್ದರೆ ನಾಲ್ಕೇ ಆಗುತ್ತಿತ್ತು, ಅದು ಬೇರೆ ವಿಷಯ.

ಬೆಂಚಿನ ಮೇಲಿನವಳು · 21 ಏಪ್ರಿಲ್

ಆ ಮೊದಲ ಕಪ್ ಫೈನಲ್ ನಾನು ಕಣ್ಣಾರೆ ನೋಡಿದ್ದೇನೆ. 2020ರ ಫೆಬ್ರವರಿ 14, ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಗೋಕುಲಂ 3, ಮಣಿಪುರದ ಕ್ರಿಪ್ಸಾ 2. ಕೊನೆಗೆ ನೇಪಾಳದ ಸಬಿತ್ರಾ ಭಂಡಾರಿ ಹೊಡೆದ ಗೋಲು ಕಣ್ಣಿಗೆ ಕಟ್ಟಿದ ಹಾಗಿದೆ. ಪ್ರೇಮಿಗಳ ದಿನ ಅಂತ ಗೆಳತಿಯರೆಲ್ಲ ಎಲ್ಲೋ ಹೋಗಿದ್ದರು, ನಾನು ಒಬ್ಬಳೇ ಕಡಲೆಕಾಯಿ ಹಿಡಿದುಕೊಂಡು ಗ್ಯಾಲರಿಯಲ್ಲಿದ್ದೆ. ಮುಂದಿನ ತಿಂಗಳೇ ಲಾಕ್‌ಡೌನ್.

ಆಗೆಲ್ಲ ಲೀಗ್ ಅಂದ್ರೆ ಒಂದೇ ಊರಿಗೆ ಎಲ್ಲಾ ತಂಡಗಳನ್ನು ಕರೆಸಿ, ಗುಂಪು ಮಾಡಿ, ಕೆಲವು ವಾರದಲ್ಲಿ ಮುಗಿಸಿಬಿಡೋದು. ಮದುವೆ ಮನೆ ಥರ. ಒಂದು ವರ್ಷ ಲೂಧಿಯಾನ, ಒಂದು ವರ್ಷ ಬೆಂಗಳೂರು, ಆಮೇಲೆ ಭುವನೇಶ್ವರ, ಅಹಮದಾಬಾದ್. ನಿಮ್ಮೂರಿನ ತಂಡ ನಿಮ್ಮೂರಲ್ಲಿ ಆಡೋದೇ ಇಲ್ಲ. ಅಪ್ಪ ಅಮ್ಮ ನೋಡಲು ಬರೋದಾದರೂ ಹೇಗೆ? 2023-24ರಿಂದ ಮಾತ್ರ ಹೋಮ್ ಅಂಡ್ ಅವೇ, ಅಂದ್ರೆ ಒಂದು ಪಂದ್ಯ ತಮ್ಮೂರಲ್ಲಿ, ಒಂದು ಎದುರಾಳಿಯ ಊರಲ್ಲಿ ಆಡೋ ಪದ್ಧತಿ, ಬಂದಿರೋದು. ಅಂದರೆ ನಿಜವಾದ ಅರ್ಥದ ಲೀಗಿಗೆ ಈಗ ಎರಡೇ ವರ್ಷ.

ಆಫ್‌ಸೈಡ್ ಆನಂದ · 21 ಏಪ್ರಿಲ್

ಕೋಪ ಮಾಡ್ಕೋಬೇಡಿ. ನಾನು ಮೂರು ಪಂದ್ಯ ನೋಡಿದೆ. ಒಂದರಲ್ಲಿ ಗೋಲುಗಳ ಸುರಿಮಳೆ, ಇನ್ನೆರಡರಲ್ಲಿ ಮಧ್ಯದಲ್ಲೇ ಚೆಂಡು ಓಡಾಟ. ಮೇಲಿನ ತಂಡಕ್ಕೂ ಕೆಳಗಿನ ತಂಡಕ್ಕೂ ಅಜಗಜಾಂತರ. ಇಂಥದ್ದನ್ನ ಒಂಬತ್ತು ತಿಂಗಳು ಎಳೆದರೆ ಯಾರು ನೋಡ್ತಾರೆ? ಹೆಣ್ಣುಮಕ್ಕಳ ಕ್ರಿಕೆಟ್ ಲೀಗ್ ಡಬ್ಲ್ಯುಪಿಎಲ್ ನೋಡಿ. ಅದೂ ಚಿಕ್ಕದೇ. ಆದ್ರೆ 2024ರಲ್ಲಿ ಆರ್‌ಸಿಬಿ ಹುಡುಗಿಯರು ಕಪ್ ಗೆದ್ದಾಗ ಇಡೀ ಬೆಂಗಳೂರು ಬೀದಿಗಿಳಿಯಿತು. ಗುಣಮಟ್ಟ ಇದ್ದರೆ ಜನ ತಾವೇ ಬರ್ತಾರೆ.

ಹಾವೇರಿ ಪಿಟಿ ಮೇಷ್ಟ್ರು · 21 ಏಪ್ರಿಲ್

ಆನಂದ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಅಜಗಜಾಂತರ ಇರುವುದು ನಿಜ. ಆದರೆ ಗುಣಮಟ್ಟ ಎಲ್ಲಿಂದ ಬರಬೇಕು? ಆಡಿ ಆಡಿಯೇ ಬರಬೇಕು. ಕ್ರಿಕೆಟಿನ ಹುಡುಗಿಗೆ ಡಬ್ಲ್ಯುಪಿಎಲ್ ಮುಗಿದ ಮೇಲೆ ರಾಜ್ಯ ತಂಡ ಇದೆ, ದೇಶೀಯ ಟೂರ್ನಿಗಳಿವೆ, ಬಿಸಿಸಿಐ ದುಡ್ಡಿದೆ. ಫುಟ್‌ಬಾಲಿನ ಹುಡುಗಿಗೆ ಐಡಬ್ಲ್ಯುಎಲ್ ಮುಗಿದ ಮೇಲೆ ರಾಜ್ಯದ ಲೀಗಿನ ಕೆಲವು ಪಂದ್ಯ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಆಯ್ಕೆಯಾದರೆ ಇನ್ನೊಂದಿಷ್ಟು. ಆಮೇಲೆ ಮನೆ. ಮನೆಗೆ ಹೋದ ಹುಡುಗಿ ಮೂರು ತಿಂಗಳು ಬಿಟ್ಟು ಬಂದರೆ ಮೊದಲಿಂದ ಓಡಿಸಬೇಕು. ಇದು ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿರುವ ಕೆಲಸ.

ನನ್ನದೇ ಒಂದು ಕತೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳ ತಂಡ ಕಟ್ಟಿದೆ. ಹದಿನಾಲ್ಕು ಜನ. ಮೈದಾನ ಒಂದೇ. ಸಂಜೆ ಹುಡುಗರ ಕ್ರಿಕೆಟ್. ಆಡಳಿತದವರು "ಹುಡುಗಿಯರು ಬೆಳಿಗ್ಗೆ ಆರಕ್ಕೆ ಬರಲಿ" ಅಂದರು. ಹಳ್ಳಿಯಿಂದ ಮೊದಲ ಬಸ್ಸು ಬರುವುದೇ ಏಳೂವರೆಗೆ. ಆರು ತಿಂಗಳಲ್ಲಿ ಹದಿನಾಲ್ಕು ಇದ್ದವರು ಐದು ಆದರು. ಆ ಐದು ಮಂದಿ ಊರಲ್ಲೇ ಇದ್ದವರು. ಒಂದು ಬಸ್ಸಿನ ಟೈಮು ತಂಡ ಮುರಿಯಿತು ಅಂದರೆ ಯಾರೂ ನಂಬುವುದಿಲ್ಲ.

ಆಫ್‌ಸೈಡ್ ಆನಂದ · 21 ಏಪ್ರಿಲ್

ಮೇಷ್ಟ್ರೇ, ನನ್ನ ಮಾತು ಆ ಮಕ್ಕಳ ಮೇಲಲ್ಲ. ಲೀಗ್ ನಡೆಸುವ ರೀತಿ ಮೇಲೆ. ಬಸ್ಸಿನ ವಿಷಯ ಕೇಳಿ ಬೇಜಾರಾಯಿತು.

ತಾಂಡಾದ ಹುಡುಗಿ · 22 ಏಪ್ರಿಲ್

ಇಲ್ಲಿ ಮೊದಲ ಸಲ ಬರೀತಾ ಇದ್ದೀನಿ. ತಪ್ಪಿದ್ರೆ ಕ್ಷಮಿಸಿ.

ನಾನು ವಿಜಯಪುರ ಕಡೆಯ ಲಂಬಾಣಿ ತಾಂಡಾದವಳು. ಕೋಲ್ಕತ್ತದ ಅಣ್ಣ ಸೌಮ್ಯಾ ಗುಗುಲೋತ್ ಹೆಸರು ಬರೆದರಲ್ಲ, ಅವರು ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕಿಸಾನ್ ನಗರ ತಾಂಡಾದವರು. ನಮ್ಮವರೇ. ಈ ಸಲದ ಲೀಗಿನಲ್ಲಿ ಕಪ್ ಗೆಲ್ಲಿಸಿದ ಗೋಲು ಅವರದು. ಅದಕ್ಕೂ ಮೊದಲು ಕ್ರೊವೇಷಿಯಾಕ್ಕೆ ಹೋಗಿ ಡಿನಾಮೊ ಝಾಗ್ರೆಬ್ ತಂಡದಲ್ಲಿ ಇದ್ದು ಬಂದವರು. ನಮ್ಮ ಅವ್ವನಿಗೆ ಫೋಟೊ ತೋರಿಸಿದೆ. "ಈಕೆ ಯಾವ ತಾಂಡಾ? ಯಾರ ಮಗಳು?" ಅಂತ ಕೇಳಿದಳು. ಫುಟ್‌ಬಾಲ್ ಬಗ್ಗೆ ಒಂದು ಮಾತೂ ಕೇಳಲಿಲ್ಲ 😀

ಮೂರು ತಿಂಗಳ ಸೀಸನ್ ಅಂತ ಅಕ್ಕ ಬರೆದದ್ದು ಓದಿ ನನಗೆ ಕಬ್ಬಿನ ಸೀಸನ್ ನೆನಪಾಯಿತು. ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಅರ್ಧ ತಾಂಡಾ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತೆ. ಕೆಲವು ತಿಂಗಳು ಮೈಮುರಿ ಕೆಲಸ. ಆಮೇಲೆ ಊರಿಗೆ ಬಂದು, ಕೂಲಿಯವರನ್ನ ಕರ್ಕೊಂಡು ಹೋಗೋ ಮುಕಾದಮ ಮುಂದಿನ ವರ್ಷಕ್ಕೆ ಕರೀತಾನೋ ಇಲ್ವೋ ಅಂತ ಕಾಯೋದು. ಫುಟ್‌ಬಾಲ್ ಆಡೋರದ್ದೂ ಹಂಗೇ ಅಲ್ವಾ? ಕ್ಲಬ್ ಕರೆದರೆ ಬ್ಯಾಗ್ ಕಟ್ಟೋದು, ಇಲ್ಲಾಂದ್ರೆ ಮನೆ.

ನಾನು ಶಾಲೆಯಲ್ಲಿ ಆಡ್ತೀನಿ. ಲೆಫ್ಟ್ ವಿಂಗ್.

ಬೆಂಚಿನ ಮೇಲಿನವಳು · 22 ಏಪ್ರಿಲ್

ತಂಗಿ, ಮೂರು ದಿನದಿಂದ ನಾನು ಹೇಳೋಕೆ ಒದ್ದಾಡಿದ್ದನ್ನ ನೀನು ನಾಲ್ಕು ಸಾಲಲ್ಲಿ ಹೇಳಿಬಿಟ್ಟೆ. ಇಲ್ಲೇ ಇರು, ಹೋಗಬೇಡ.

ಕೋಲ್ಕತ್ತದ ಕನ್ನಡಿಗ · 22 ಏಪ್ರಿಲ್

ದುಡ್ಡಿನ ವಿಷಯ ಬಂತಲ್ಲ, ಹೇಳ್ತೀನಿ. 2023ರಲ್ಲಿ ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ ಒಂದು ಘೋಷಣೆ ಮಾಡಿತ್ತು. ಲೀಗಿನ ಪ್ರತಿ ಕ್ಲಬ್ಬೂ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷದ ಒಪ್ಪಂದ ಕೊಡಬೇಕು ಅಂತ. ತಿಂಗಳಿಗೆ ಸುಮಾರು 26-27 ಸಾವಿರ. ಕೇಳೋಕೆ ಕಮ್ಮಿ ಅನಿಸಬಹುದು. ಆದರೆ "ವರ್ಷಕ್ಕೆ" ಅನ್ನೋ ಪದ ಅಲ್ಲಿ ಬಂತಲ್ಲ, ಅದು ಮುಖ್ಯ. ಅಲ್ಲಿಯವರೆಗೆ ಟೂರ್ನಿ ಲೆಕ್ಕ. ಸಮಸ್ಯೆ ಏನಂದ್ರೆ, 10 ಜನಕ್ಕೆ ಇದು. ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಇರ್ತಾರೆ. ಹನ್ನೊಂದನೆಯವಳ ಗತಿ?

ಅದಕ್ಕೇ ಎಷ್ಟೋ ಜನ ಪೊಲೀಸ್, ರೈಲ್ವೆ, ಗಡಿ ಕಾಯೋ ಎಸ್‌ಎಸ್‌ಬಿ ಪಡೆಯ ಕೆಲಸ ಹಿಡಿಯೋದು. ತಪ್ಪಲ್ಲ. ತಿಂಗಳ ಸಂಬಳ ಮನೆಗೆ ಬರುತ್ತೆ.

ಗ್ಯಾಲರಿ ಗುಂಡ · 22 ಏಪ್ರಿಲ್

ಸರಿ, ಒಡಿಶಾ ಯಾಕೆ ಬಿತ್ತು ಅಂತ ಯಾರಾದರೂ ಹೇಳ್ತೀರಾ? ನಾನು ಅದಕ್ಕೇ ಬಂದಿದ್ದು.

ಕಾಸರಗೋಡು ಕಾರ್ನರ್ · 22 ಏಪ್ರಿಲ್

ನನ್ನ ಊಹೆ ಹೇಳುತ್ತೇನೆ. ಲೀಗ್ ಚಿಕ್ಕದಾದಷ್ಟೂ ಬೀಳುವುದು ಸುಲಭ. 14 ಪಂದ್ಯದಲ್ಲಿ ಮೊದಲ ನಾಲ್ಕೈದು ಕೈತಪ್ಪಿದರೆ ಎದ್ದು ನಿಲ್ಲಲು ಟೈಮೇ ಇಲ್ಲ. 22 ಪಂದ್ಯ ಇದ್ದಿದ್ದರೆ ಚಾಂಪಿಯನ್ ತಂಡ ಹೇಗೋ ಏದುಸಿರು ಬಿಟ್ಟಾದರೂ ದಡ ಸೇರುತ್ತಿತ್ತು. ಎಂಟರಲ್ಲಿ ಇಬ್ಬರಿಗೆ ಹಿಂಬಡ್ತಿ, ಅಂದರೆ ನಾಲ್ಕರಲ್ಲಿ ಒಬ್ಬರು! ಒಡಿಶಾ ಜೊತೆ ದೆಹಲಿಯ ಹಾಪ್ಸ್ ಬಿತ್ತು.

ಇನ್ನೊಂದು ತಮಾಷೆ ನೋಡಿ. 2023-24ರಲ್ಲಿ ಈಸ್ಟ್ ಬೆಂಗಾಲ್ ಏಳರಲ್ಲಿ ಆರನೆಯದು. ಅವತ್ತು ಕೆಳಗಿದ್ದವರು ಇವತ್ತು ಮೇಲೆ, ಅವತ್ತು ಮೇಲಿದ್ದವರು ಇವತ್ತು ಹೊರಗೆ. ರಾಟೆ ತಿರುಗಿದ ಹಾಗೆ. ಇದನ್ನು ರೋಚಕ ಅಂತ ಕರೆಯುವವರಿದ್ದಾರೆ. ನನಗೇನೋ ಬುನಾದಿಯೇ ಗಟ್ಟಿಯಿಲ್ಲ ಅನಿಸುತ್ತದೆ. ಒಂದು ವರ್ಷ ದುಡ್ಡು ಹಾಕಿದವರು ಮುಂದಿನ ವರ್ಷ ಹಾಕದಿದ್ದರೆ ತಂಡವೇ ಖಾಲಿ.

ನಮ್ಮ ಕೇರಳದಲ್ಲೇ ಉದಾಹರಣೆ ಇದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ವಿರುದ್ಧದ ಐಎಸ್‌ಎಲ್ ಪ್ಲೇಆಫ್ ನೆನಪಿದೆಯಲ್ಲ? ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದರು, ಆ ಗೋಲು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಗಂಡಸರ ತಂಡ ಮೈದಾನ ಬಿಟ್ಟು ಹೊರನಡೆಯಿತು. 4 ಕೋಟಿ ದಂಡ ಬಿತ್ತು. ಜೂನ್‌ನಲ್ಲಿ ಕ್ಲಬ್ ಆ ದಂಡದ ಕಾರಣ ಹೇಳಿ ಯಾವ ತಂಡ ನಿಲ್ಲಿಸಿತು? ಹೆಂಗಸರ ತಂಡ!

ತಾಂಡಾದ ಹುಡುಗಿ · 22 ಏಪ್ರಿಲ್

ಹೊರಗೆ ಹೋದವರು ಗಂಡಸರು, ದಂಡ ಕಟ್ಟಿದವರು ಹೆಂಗಸರು?

ಕಾಸರಗೋಡು ಕಾರ್ನರ್ · 22 ಏಪ್ರಿಲ್

ಅದೇ ನೋಡು ತಂಗಿ. ಗೋಕುಲಂ ಹುಡುಗಿಯರಿಗೂ ಹೀಗೇ ಒಮ್ಮೆ ಆಗಿತ್ತು. 2022ರ ಆಗಸ್ಟ್‌ನಲ್ಲಿ ಏಷ್ಯಾ ಮಟ್ಟದ ಕ್ಲಬ್ ಟೂರ್ನಿಗೆ ತಾಷ್ಕೆಂಟ್‌ಗೆ ಹೋಗಿ ಇಳಿದಿದ್ದರು. ಅಷ್ಟರಲ್ಲಿ ಫಿಫಾ ಎಐಎಫ್‌ಎಫ್ ಅನ್ನು ಅಮಾನತು ಮಾಡಿತು. ಹೋಟೆಲ್ ತನಕ ಹೋದವರು ಮೈದಾನಕ್ಕೆ ಇಳಿಯಲಿಲ್ಲ. ಪ್ರಧಾನಿಗೆ ಪತ್ರ ಬರೆದರು. ಆಡಲು ಆಗಲೇ ಇಲ್ಲ. ಅದೇ ತಿಂಗಳು 26ಕ್ಕೆ ಅಮಾನತು ತೆರವಾಯಿತು. ಆ ಹೊತ್ತಿಗೆ ಇವರು ಮನೆಯಲ್ಲಿದ್ದರು.

ಹಾವೇರಿ ಪಿಟಿ ಮೇಷ್ಟ್ರು · 23 ಏಪ್ರಿಲ್

ಒಂದು ವಿಷಯ ಯಾರೂ ಎತ್ತಲಿಲ್ಲ. ಈ ಸಲದ ಎಂಟು ತಂಡ ನೋಡಿ. ಬಂಗಾಳದಿಂದ ಈಸ್ಟ್ ಬೆಂಗಾಲ್, ಶ್ರೀಭೂಮಿ. ಒಡಿಶಾದಿಂದ ಒಡಿಶಾ ಎಫ್‌ಸಿ, ನೀತಾ ಎಫ್‌ಎ. ಕೇರಳದ ಗೋಕುಲಂ, ತಮಿಳುನಾಡಿನ ಸೇತು, ದೆಹಲಿಯ ಹಾಪ್ಸ್, ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್. ಮಣಿಪುರ ಎಲ್ಲಿ?

ಭಾರತ ತಂಡದಲ್ಲಿ ಮಣಿಪುರದ ಮಕ್ಕಳೇ ತುಂಬಿದ್ದಾರೆ. 2017ರಲ್ಲಿ ಈ ಲೀಗಿನ ಮೊದಲ ಕಪ್ ಗೆದ್ದದ್ದು ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಒಡಿಶಾದ ರೈಸಿಂಗ್ ಸ್ಟೂಡೆಂಟ್ಸ್ ಮೇಲೆ 3-0. 2019ರ ಫೈನಲ್‌ನಲ್ಲಿ ಮಣಿಪುರ ಪೊಲೀಸ್. 2020ರ ಫೈನಲ್‌ನಲ್ಲಿ ಮೇಡಂ ಹೇಳಿದ ಕ್ರಿಪ್ಸಾ. ಈಗ ಹುಡುಗಿಯರು ಎಲ್ಲಾ ತಂಡದಲ್ಲೂ ಇದ್ದಾರೆ, ಊರಿನ ತಂಡ ಮಾತ್ರ ಇಲ್ಲ. ಒಂದೇ ಊರಿನಲ್ಲಿ ಕೆಲವು ವಾರ ಆಡುವಾಗ ಸಣ್ಣ ಕ್ಲಬ್ ಹೇಗೋ ರೈಲಿನಲ್ಲಿ ಬಂದು ಆಡಿ ಹೋಗುತ್ತಿತ್ತು. ಹೋಮ್ ಅಂಡ್ ಅವೇ ಅಂದರೆ ವಿಮಾನ, ಹೋಟೆಲ್, ಮೈದಾನದ ಬಾಡಿಗೆ. ದೊಡ್ಡ ಕಿಸೆ ಇದ್ದವರಿಗೆ ಮಾತ್ರ. ಹೊಸ ಪದ್ಧತಿ ಬೇಡ ಅನ್ನುತ್ತಿಲ್ಲ. ಯಾರನ್ನು ಹೊರಗಿಟ್ಟು ಬಂತು ಅನ್ನುವುದನ್ನೂ ನೋಡಬೇಕು.

ಬೆಂಚಿನ ಮೇಲಿನವಳು · 23 ಏಪ್ರಿಲ್

ಮೇಷ್ಟ್ರೇ, ನಾನು ಹೋಮ್ ಅಂಡ್ ಅವೇ ಬಂತು ಅಂತ ಕುಣಿದವಳು. ಈ ಕಡೆಯಿಂದ ಯೋಚಿಸಿರಲಿಲ್ಲ. ಒಪ್ಪಿದೆ.

ನಮ್ಮ ಕಿಕ್‌ಸ್ಟಾರ್ಟ್ ಬಗ್ಗೆ ಎರಡು ಮಾತು. 2023ರ ಮೇ ತಿಂಗಳಲ್ಲಿ ಅಹಮದಾಬಾದ್ ಫೈನಲ್‌ವರೆಗೆ ಹೋಗಿ ಗೋಕುಲಂ ಕೈಲಿ 5-0 ಸೋತರು. ಕಾಸರಗೋಡು ಅಣ್ಣ ನಗಬೇಡಿ. ಈ ಸಲ ಬೀಳಲಿಲ್ಲ, ಮೇಲಕ್ಕೂ ಬರಲಿಲ್ಲ. ನನಗಿರೋ ಬೇಜಾರು ಬೇರೆ. ಬೆಂಗಳೂರಿನ ತಂಡ, ಆದರೆ ಆಡುವ ಹನ್ನೊಂದರಲ್ಲಿ ಕನ್ನಡ ಮಾತಾಡೋ ಹುಡುಗಿಯರನ್ನ ಹುಡುಕಬೇಕು. ತಪ್ಪು ಕ್ಲಬ್ಬಿನದಲ್ಲ. ಹಾವೇರಿಯ ಏಳೂವರೆ ಬಸ್ಸಿನದು.

ಆಫ್‌ಸೈಡ್ ಆನಂದ · 23 ಏಪ್ರಿಲ್

ಬಿಎಫ್‌ಸಿಯವರು ಒಂದು ತಂಡ ಈ ಲೀಗಿಗೆ ಇಳಿಸಬಾರದಾ? ಐಎಸ್‌ಎಲ್ ಕ್ಲಬ್ಬುಗಳಲ್ಲಿ ಈ ಸಲ ಆಡಿದ್ದು ಈಸ್ಟ್ ಬೆಂಗಾಲ್, ಒಡಿಶಾ ಎರಡೇ. ಅದರಲ್ಲಿ ಒಂದು ಈಗ ಹೊರಗೆ. ಬಿಎಫ್‌ಸಿ ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕಿನವರು ಗಂಡಸರ ಪಂದ್ಯಕ್ಕೆ ಬಂದು ಕೂಗುವುದರಲ್ಲಿ ಕಾಲು ಭಾಗ ಬಂದರೂ ಸ್ಟೇಡಿಯಂ ತುಂಬುತ್ತೆ.

ಗ್ಯಾಲರಿ ಗುಂಡ · 23 ಏಪ್ರಿಲ್

ಆನಂದ್ ಸಾರ್ ಪಕ್ಷ ಬದಲಾಯಿಸಿದ್ರು! ನೋಟ್ ಮಾಡ್ಕೊಳ್ಳಿ.

ಬೆಂಚಿನ ಮೇಲಿನವಳು · 6 ಜುಲೈ 2025

ಎರಡು ತಿಂಗಳಾದ ಮೇಲೆ ಈ ಚರ್ಚೆಯನ್ನ ಮತ್ತೆ ಎಬ್ಬಿಸ್ತಾ ಇದ್ದೀನಿ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ!!

ಚಿಯಾಂಗ್ ಮೈ. ಭಾರತ 2, ಥಾಯ್ಲೆಂಡ್ 1. ಮುಂದಿನ ವರ್ಷ ಆಸ್ಟ್ರೇಲಿಯಾದಲ್ಲಿ ನಡೆಯೋ ಏಷ್ಯನ್ ಕಪ್‌ಗೆ ನಾವು ಅರ್ಹ. ಅರ್ಹತಾ ಸುತ್ತು ಆಡಿ ಗೆದ್ದು ಹೋಗ್ತಿರೋದು ಇದೇ ಮೊದಲು. ಮಂಗೋಲಿಯಾ ಮೇಲೆ 13-0, ತಿಮೋರ್ ಮೇಲೆ 4-0, ಇರಾಕ್ ಮೇಲೆ 5-0. ಕೊನೆಗೆ ನಮಗಿಂತ ಎಷ್ಟೋ ಮೇಲಿರೋ ಥಾಯ್ಲೆಂಡನ್ನ ಅವರ ಮನೆಯಲ್ಲೇ. ಎರಡೂ ಗೋಲು ಸಂಗೀತಾ ಬಾಸ್ಫೋರ್.

2022 ನೆನಪಾಗುತ್ತೆ. ನಮ್ಮದೇ ದೇಶದಲ್ಲಿ ಏಷ್ಯನ್ ಕಪ್, ತಂಡದಲ್ಲಿ ಕೊರೊನಾ ಹರಡಿ ನಿಯಮದ ಪ್ರಕಾರ ಬೇಕಾದ ಕನಿಷ್ಠ ಹದಿಮೂರು ಜನವನ್ನ ಹೊಂದಿಸೋಕೂ ಆಗದೆ ಟೂರ್ನಿಯಿಂದಲೇ ಹೊರಬಿದ್ದರು. ಈ ಸಲ ಯಾರ ಹಂಗೂ ಇಲ್ಲದೆ ಹೋಗ್ತಿದ್ದಾರೆ.

ಕೋಲ್ಕತ್ತದ ಕನ್ನಡಿಗ · 6 ಜುಲೈ

ಸಂಗೀತಾ ಇಲ್ಲೇ ಬಂಗಾಳದ ಕಲ್ಯಾಣಿ ಅನ್ನೋ ಊರಿನವರು. ಕೋಚ್ ಯಾರು ಹೇಳಿ? ಕ್ರಿಸ್ಪಿನ್ ಛೆಟ್ರಿ. 2023-24ರಲ್ಲಿ ಒಡಿಶಾಕ್ಕೆ ಲೀಗ್ ಗೆದ್ದುಕೊಟ್ಟ ಅದೇ ಕೋಚ್. ಕ್ಲಬ್ ಕೆಳಗಿನ ದರ್ಜೆಗೆ ಇಳಿಯಿತು, ಕೋಚ್ ದೇಶವನ್ನ ಮೇಲಕ್ಕೆ ಕರ್ಕೊಂಡು ಹೋದರು.

ಬಗಾನ್ ದಾದಾನೇ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದರು. ಈಗ ಇಲಿಶ್ ಸೀಸನ್. ಅವರೇ ಕೊಡಿಸ್ತಾರಂತೆ.

ಆಫ್‌ಸೈಡ್ ಆನಂದ · 6 ಜುಲೈ

ಪಂದ್ಯ ಪೂರ್ತಿ ನೋಡಿದೆ. ಏಪ್ರಿಲ್‌ನಲ್ಲಿ ನಾನು ಬರೆದದ್ದನ್ನ ಅಳಿಸಬಹುದಾ? ಬೇಡ, ಇರಲಿ ಬಿಡಿ. ಲೀಗಿನ ಬಗ್ಗೆ ಹೇಳಿದ್ದು ಈಗಲೂ ನಿಜ. ಇಷ್ಟು ಚಿಕ್ಕ ಲೀಗ್ ಇಟ್ಟುಕೊಂಡು ಇಷ್ಟು ದೂರ ಹೋದರಲ್ಲ, ಅದೇ ಆಶ್ಚರ್ಯ.

ತಾಂಡಾದ ಹುಡುಗಿ · 7 ಜುಲೈ

ಅಕ್ಕ, ನಾನು ಜಿಲ್ಲಾ ತಂಡದ ಟ್ರಯಲ್‌ಗೆ ಹೋಗ್ತಾ ಇದ್ದೀನಿ. ಒಂದು ತೊಂದರೆ. ನನ್ನ ಕಾಲಿಗೆ ಫುಟ್‌ಬಾಲ್ ಬೂಟು ಸಿಗ್ತಾ ಇಲ್ಲ. 4 ನಂಬರ್. ಅಂಗಡಿಯವರು 6ರಿಂದ ಮೇಲೆ ಇದೆ ಅಂತಾರೆ. ಅಣ್ಣನ 7 ನಂಬರಿಗೆ ಬಟ್ಟೆ ತುರುಕಿ ಆಡ್ತಿದ್ದೆ, ಬೆರಳೆಲ್ಲಾ ಗುಳ್ಳೆ.

ಹಾವೇರಿ ಪಿಟಿ ಮೇಷ್ಟ್ರು · 7 ಜುಲೈ

ಬಟ್ಟೆ ತುರುಕಬೇಡಮ್ಮ, ಹಿಮ್ಮಡಿ ಹಾಳಾಗುತ್ತದೆ. ಗಂಡುಹುಡುಗರ ಜೂನಿಯರ್ ಸೈಜಿನಲ್ಲಿ ಕೇಳು, 3, 4, 5 ಅದರಲ್ಲಿ ಬರುತ್ತವೆ. ನಿಮ್ಮ ಕಡೆ ಮೈದಾನ ಗಟ್ಟಿ ಮಣ್ಣು. ಅಡಿಯಲ್ಲಿ ಉದ್ದ ಸ್ಟಡ್ ಇರುವುದು ಬೇಡ, ಚಿಕ್ಕ ಚಿಕ್ಕ ರಬ್ಬರ್ ಗುಬಟು ಇರುವುದನ್ನು ತೆಗೆದುಕೋ. ಒಂದು ವಾರ ಮನೆಯಲ್ಲೇ ಹಾಕಿ ಓಡಾಡಿ ಆಮೇಲೆ ಮೈದಾನಕ್ಕೆ ಇಳಿ.

ಬೆಂಚಿನ ಮೇಲಿನವಳು · 7 ಜುಲೈ

ನಂದೂ 4 ನಂಬರ್! ಕಾಲೇಜಿನ ಬೂಟು ಅಟ್ಟದ ಮೇಲಿದೆ. ಬೆಂಚಿನ ಮೇಲೆ ಕೂತಿದ್ದಕ್ಕೆ ಸವೆದೇ ಇಲ್ಲ, ಹೊಸದರ ಹಾಗಿದೆ. ಲೇಸ್ ಮಾತ್ರ ಹೋಗಿದೆ, ಬೇರೆ ಹಾಕಿಸ್ತೀನಿ. ವಿಳಾಸ ಇಲ್ಲಿ ಹಾಕಬೇಡ, ನನಗೆ ಮೆಸೇಜ್ ಮಾಡು. ನಾಳೆಯೇ ಪಾರ್ಸೆಲ್ ಕಳಿಸ್ತೀನಿ.

ಗ್ಯಾಲರಿ ಗುಂಡ · 7 ಜುಲೈ

ಟ್ರಯಲ್ ಯಾವತ್ತು? ನಾನು ಬಾಗಲಕೋಟೆಯಲ್ಲೇ ಇರೋದು. ರಜಾ ಹಾಕಿ ಬರ್ತೀನಿ, ಕೂಗೋಕೆ ಒಬ್ಬನಾದರೂ ಬೇಕಲ್ಲ.

ತಾಂಡಾದ ಹುಡುಗಿ · 7 ಜುಲೈ

ಬರೋ ಭಾನುವಾರ ಅಣ್ಣ. ಆದ್ರೆ ನನ್ನ ಹೆಸರು ಹಿಡಿದು ಕೂಗಬೇಡಿ, ನಮ್ಮಪ್ಪನೂ ಬರ್ತಾರೆ.